ಎವೆಲಿಯೊನ ಕಾಲ್ಗುಣ

ಮೂರಕ್ಕೆ ಎರಡು. ಬೇಸ್‌ಬಾಲ್ ಫೈನಲ್ಲನ್ನು ಒಂದೇ ಒಂದು ರನ್ನಿನಿಂದ ಗೆದ್ದೆವು. ಗೆದ್ದು ಇಷ್ಟು ಕಾಲವಾದರೂ ಬೆಳಗ್ಗೆ ಕಾಫಿಗೆ ನೀರಿಡುವಾಗ ಅದು ನೆನಪಾಗಿ ನನಗೆ ಒಬ್ಬಳಿಗೇ ನಗು ಬರುತ್ತದೆ. ಹತ್ತು ರನ್ನಿನಿಂದ ಗೆದ್ದಿದ್ದರೆ ಇಷ್ಟೊತ್ತಿಗೆ ಮರೆತೇಬಿಡುತ್ತಿದ್ದೆ. ದೊಡ್ಡ ಗೆಲುವಿನಲ್ಲಿ ಮಾತಾಡುವುದಕ್ಕೆ ಏನಿರುತ್ತದೆ? ಕೂದಲೆಳೆಯಲ್ಲಿ ಗೆದ್ದದ್ದನ್ನು ಮಾತ್ರ ಮನುಷ್ಯ ಸಾಯುವ ತನಕ ಮಾತಾಡಬಹುದು. ನಮ್ಮೂರು ಸಾನ್ ಗಿಲ್‌ನಲ್ಲಿ ಇವತ್ತಿಗೂ ಅದೇ ಮಾತು. ಎಸೆತಗಾರನ ತೋಳಿನಿಂದ ಗೆದ್ದೆವು ಅಂತ ಕೆಲವರು, ಎಡಗಡೆ ಗೋಡೆಯ ಹತ್ತಿರ ನಿಂತಿದ್ದವನ ಕೈಯಿಂದ ಅಂತ ಕೆಲವರು. ಹೆಚ್ಚಿನವರು ಹೇಳುವುದು ಮಾತ್ರ ಬೇರೆ. ನನ್ನ ಗಂಡ ಎವೆಲಿಯೊನ ಕಾಲ್ಗುಣದಿಂದ ಗೆದ್ದೆವಂತೆ. ಅದೂ ಅವನ ಕೆಟ್ಟ ಕಾಲ್ಗುಣದಿಂದ.

ಎವೆಲಿಯೊ ಸಿಗರೇಟು ಲೈಟರಿಗೆ ಗ್ಯಾಸು ತುಂಬುವವನು. ಚೌಕದಲ್ಲಿ ಔಷಧಿ ಅಂಗಡಿಯ ಕಂಬದ ಪಕ್ಕ ಒಂದು ಪುಟ್ಟ ಮೇಜು ಹಾಕಿಕೊಂಡು ಕೂರುತ್ತಾನೆ. ಬೇರೆ ದೇಶಗಳಲ್ಲಿ ಲೈಟರು ಖಾಲಿಯಾದರೆ ಎಸೆದುಬಿಡುತ್ತಾರಂತೆ. ನಮ್ಮಲ್ಲಿ ಅದು ಅಪ್ಪನಿಂದ ಮಗನಿಗೆ ಬರುತ್ತದೆ. ಅದರ ತಳಕ್ಕೆ ಸಣ್ಣ ತೂತು ಕೊರೆದು ಗ್ಯಾಸು ತುಂಬಿ, ಕಿಡಿ ಹಾರಿಸುವ ಕಲ್ಲು ಬದಲಿಸಿ, ಚಕ್ರಕ್ಕೆ ಎಣ್ಣೆ ಮುಟ್ಟಿಸಿ ಕೊಟ್ಟರೆ ಇನ್ನೂ ಮೂರು ತಿಂಗಳು ಉರಿಯುತ್ತದೆ. ಉರಿಯುವುದಿಲ್ಲ ಅನ್ನಿಸಿದರೆ ಎವೆಲಿಯೊ ನೇರವಾಗಿ ಹೇಳಿಬಿಡುತ್ತಾನೆ: "ಇದು ತೀರ್ಕೊಂಡಿದೆ ಕಣಪ್ಪ, ತಗೊಂಡ್ಹೋಗು." ತುಂಬಿ ಕಾಸು ತಗೊಳ್ಳಬಾರದಾ ಅಂತ ನಾನು ಬೈದರೆ, "ನಾಳೆ ಅವನು ಒಲೆ ಮುಂದೆ ನಿಂತು ಇದನ್ನ ತಿಕ್ಕಿ ತಿಕ್ಕಿ ನನ್ನ ಬೈಕೊಳ್ಳಲ್ವಾ" ಅನ್ನುತ್ತಾನೆ. ಸುಳ್ಳು ಹೇಳುವುದಕ್ಕೆ ಬೇಕಾದ ಯಾವುದೋ ಒಂದು ತಿರುಪು ದೇವರು ಅವನಿಗೆ ಹಾಕುವುದನ್ನು ಮರೆತಿದ್ದಾನೆ. ಇಂಥವನ ಜೊತೆ ಸಂಸಾರ ಮಾಡುವುದು ಸುಲಭ ಅಂತ ಯಾರೂ ಅಂದುಕೊಳ್ಳಬಾರದು.

ಅವನಿಗೆ ಕೆಟ್ಟ ಹೆಸರು ಬಂದದ್ದು ನಮ್ಮ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಪಕ್ಕದ ಪಾಲ್ಮರೀತೊ ಊರಿನ ಮೇಲೆ ಪಂದ್ಯ. ನಾವು ನಾಲ್ಕು ರನ್ ಮುಂದಿದ್ದೆವು. ಎವೆಲಿಯೊ ಕೆಲಸ ಮುಗಿಸಿ ತಡವಾಗಿ ಹೋಗಿ ಕೂತು, ಕಡಲೆಕಾಯಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಅವರು ಐದು ರನ್ ಹೊಡೆದರು. ಮುಂದಿನ ವರ್ಷ ಎವೆಲಿಯೊ ನಮ್ಮ ಒಳ್ಳೆಯ ದಾಂಡಿಗನನ್ನು ಹೆಸರು ಹಿಡಿದು ಕೂಗಿ ಹುರಿದುಂಬಿಸಿದ. ಮರು ಎಸೆತಕ್ಕೇ ಆ ದಾಂಡಿಗನ ಬೆರಳು ಮುರಿಯಿತು. ಅದರ ಮುಂದಿನ ಸಲ ಎವೆಲಿಯೊ ಬಾಯಿ ಬಿಗಿದುಕೊಂಡು ಸುಮ್ಮನೆ ಕೂತಿದ್ದ. ಬಿಸಿಲು ಹೊಡೆಯುತ್ತಿದ್ದ ಆಕಾಶದಿಂದ ಮಳೆ ಬಂತು, ಆಟ ನಿಂತಿತು, ಮರುದಿನ ಆಡಿ ಸೋತೆವು. ಅವತ್ತು ಪಂಕ್ಚರ್ ಅಂಗಡಿಯ ಪ್ಲಾಸಿದೊ ಎದ್ದು ನಿಂತು ಇಡೀ ಗ್ಯಾಲರಿಗೆ ಕೇಳುವಂತೆ ಹೇಳಿದ, "ಇವನ ಕಾಲ್ಗುಣ ಸರಿಯಿಲ್ಲ." ಪ್ಲಾಸಿದೊನ ಗಂಟಲು ಎಂಥದೆಂದರೆ ಅವನು ತನ್ನ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೂ ನಮಗೆ ಗೊತ್ತಾಗುತ್ತದೆ. ನಮ್ಮೂರ ತಂಡದ ಅಭಿಮಾನಿಗಳಿಗೆ ಅವನೇ ಯಜಮಾನ.

ಯಾರೂ ಎವೆಲಿಯೊನನ್ನು ಕತ್ತು ಹಿಡಿದು ತಳ್ಳಲಿಲ್ಲ. ಬಹಳ ಮರ್ಯಾದೆಯಿಂದ ಬಂದು, "ಅಣ್ಣಾ, ಊರಿನ ಒಳ್ಳೇದಕ್ಕೆ" ಅಂದರು. ಅವನು ತಲೆಯಾಡಿಸಿದ. ನನಗೆ ಹೊಟ್ಟೆ ಉರಿದದ್ದು ಅಲ್ಲಿಯೇ. ಬೇರೆಯವರು ನಂಬಲಿ, ಇವನೇ ನಂಬಿಬಿಟ್ಟನಲ್ಲ. ಅಂದಿನಿಂದ ಪಂದ್ಯವಿದ್ದ ದಿನ ಸ್ಟೇಡಿಯಮ್ಮಿನ ಹಿಂದಿನ ಗೋಡೆಯಾಚೆ, ಬಾದಾಮಿ ಮರದ ಕೆಳಗೆ ಹೋಗಿ ಕೂರುತ್ತಿದ್ದ. ಒಳಗಿನ ಕೂಗು ಕೇಳಿಕೊಂಡು ಏನಾಯಿತು ಅಂತ ಊಹಿಸುವುದು. ಮಗಳು ಬೆಳೆದಳು, ಮದುವೆಯಾದಳು, ನಮಗೆ ಮೊಮ್ಮಗಳೂ ಹುಟ್ಟಿದಳು. ಇವನು ಗೋಡೆಯಾಚೆಯೇ ಇದ್ದ.

ಅವನು ಗೋಡೆಯಾಚೆ ಹೋಗುವ ತನಕ ನನಗೆ ಬೇಸ್‌ಬಾಲಿನ ತಲೆಯೂ ಗೊತ್ತಿರಲಿಲ್ಲ, ಬಾಲವೂ ಗೊತ್ತಿರಲಿಲ್ಲ. ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಳಗಿನಿಂದ ಅನ್ನ, ಕರಿ ಹುರುಳಿ ಬೇಯಿಸಿದವಳಿಗೆ ಸಂಜೆ ಕಾಲು ಚಾಚಿದರೆ ಸಾಕಾಗಿರುತ್ತಿತ್ತು. ಇವನು ಗೋಡೆಯ ಹಿಂದೆ ಕೂತು ಬಂದು, "ಆರನೇ ಇನ್ನಿಂಗ್ಸಲ್ಲಿ ಒಂದು ಕೂಗು ಬಂತು, ಆಮೇಲೆ ತಟ್ಟಂತ ನಿಂತುಹೋಯ್ತು, ಅದೇನಾಗಿರ್ಬೋದು ನೆರೇಯ್ದಾ?" ಅಂತ ನನ್ನನ್ನು ಕೇಳುತ್ತಿದ್ದ. ನನಗೇನು ಗೊತ್ತು? ಕೊನೆಗೆ ಸಾಕಾಗಿ, ನಾನೇ ಒಳಗೆ ಹೋಗಿ ನೋಡಿಕೊಂಡು ಬರುತ್ತೇನೆ ಅಂತ ಹೊರಟೆ. ಮೊದಲ ಸಲ ಏನೂ ತಿಳಿಯದೆ, "ಒಬ್ಬ ದಪ್ಪಗಿರೋನು ಓಡಿ ಬಿದ್ದ" ಅಂತ ವರದಿ ಒಪ್ಪಿಸಿದೆ. ದಾರಿಯುದ್ದಕ್ಕೂ ಅವನು ಪ್ರಶ್ನೆ ಕೇಳಿ ಕೇಳಿ, ಮುಂದಿನ ಸಲ ಏನು ನೋಡಬೇಕು ಅಂತ ನನಗೆ ಕಲಿಸಿದ. ಹೀಗೆ ಗಂಡನ ಕಣ್ಣಾಗಿ ಹೋದವಳು ನಾನೇ ಹುಚ್ಚಿಯಾದೆ. ಈಗ ಅಂಪೈರನ್ನು ನಾನು ಬೈಯುವ ಬೈಗುಳ ಕೇಳಲೆಂದೇ ಕೆಲವರು ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಆದರೆ ಪ್ರತಿ ಸಲ ಕೂತಾಗಲೂ ನನಗೆ ಒಂದೇ ಯೋಚನೆ: ಇದನ್ನು ನನಗಿಂತ ಹೆಚ್ಚು ಪ್ರೀತಿಸುವವನು ಗೋಡೆಯಾಚೆ ಇದ್ದಾನೆ, ಅವನನ್ನು ಒಂದು ಸಲ ಒಳಗೆ ತಂದು ನನ್ನ ಪಕ್ಕ ಕೂರಿಸಿಕೊಳ್ಳಬೇಕು. ನನಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ.

ಹೋದ ವರ್ಷ ನಾವೂ ಪಾಲ್ಮರೀತೊದವರೂ ಫೈನಲ್ಲಿಗೆ ಬಂದೆವು. ಐದರಲ್ಲಿ ತಲಾ ಎರಡು ಪಂದ್ಯ ಗೆದ್ದಾಗಿತ್ತು. ಕೊನೆಯದು ಭಾನುವಾರ ಮಧ್ಯಾಹ್ನ, ನಮ್ಮ ಸ್ಟೇಡಿಯಮ್ಮಿನಲ್ಲಿ. ಆ ವಾರ ಎವೆಲಿಯೊನ ಮೇಜಿನ ಹತ್ತಿರ ಬಂದವರು ಬಾಯಿ ಮುಚ್ಚಿಕೊಂಡು ಲೈಟರು ಕೊಟ್ಟು, ಬಾಯಿ ಮುಚ್ಚಿಕೊಂಡು ತಗೊಂಡು ಹೋದರು. ಅವನ ಮುಂದೆ ಪಂದ್ಯದ ಮಾತೆತ್ತಿದರೂ ಅಪಶಕುನ ಅಂತ. ಶುಕ್ರವಾರ ಪ್ಲಾಸಿದೊ ನಮ್ಮ ಮನೆಗೇ ಬಂದ. ನಾನು ತಟ್ಟೆಯಲ್ಲಿ ಹುರುಳಿ ಆರಿಸುತ್ತಿದ್ದೆ, ಎವೆಲಿಯೊ ಎದುರಿಗೆ ಕೂತು ಕಲ್ಲು ಹೆಕ್ಕುತ್ತಿದ್ದ.

"ನೆರೇಯ್ದಾ, ಕಾಫಿ ಇದ್ಯಾ?" ಅಂದ ಪ್ಲಾಸಿದೊ.

"ಇದೆ. ನಿಂಗಿಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. "ಎವೆಲಿಯೊ, ಭಾನುವಾರ ನೀನು ಸ್ಟೇಡಿಯಂ ಒಳಗೆ ಬರ್ಬೇಕು."

ಎವೆಲಿಯೊನ ಕೈ ತಟ್ಟೆಯ ಮೇಲೆಯೇ ನಿಂತಿತು. "ಒಳಗಾ?"

"ಒಳಗೇ. ಆದ್ರೆ ನಮ್ಮ ಕಡೆ ಅಲ್ಲ. ಎದುರುಗಡೆ, ಪಾಲ್ಮರೀತೊದವ್ರ ಜೊತೆ." ಅಂಗಿಯೊಳಗಿಂದ ಒಂದು ಹಸಿರು ಟೋಪಿ ತೆಗೆದು ಹುರುಳಿಯ ಪಕ್ಕ ಇಟ್ಟ. ನಮ್ಮದು ನೀಲಿ, ಹಸಿರು ಅವರದು. "ಅವ್ರ ಲಾರಿ ಒಂದು ಗಂಟೆಗೆ ಬರುತ್ತೆ. ಅವ್ರ ಜೊತೆ ಸೇರ್ಕೊಂಡು ಒಳಗೆ ಹೋಗು. ಕೂತ್ಕೊ. ಅವ್ರಿಗೆ ಜೈ ಅನ್ನು. ಇಷ್ಟು ವರ್ಷ ನಮಗೆ ಆಗಿದ್ದು ಒಂದು ದಿನ ಅವ್ರಿಗಾಗ್ಲಿ."

"ನನ್ ಗಂಡ ಏನು ಇಲಿ ಪಾಷಾಣಾನಾ, ಪಕ್ಕದ ಮನೇಲಿ ಇಟ್ಟು ಬರಕ್ಕೆ?" ಅಂದೆ.

"ನೀನು ಸುಮ್ನಿರಮ್ಮ. ಇದು ಊರಿನ ವಿಷಯ."

"ಊರಿನ ವಿಷಯ ಊರಲ್ಲಿ ಮಾತಾಡು. ಇದು ನನ್ನ ಅಡುಗೆಮನೆ."

ಪ್ಲಾಸಿದೊ ನನ್ನ ಕಡೆ ನೋಡಲೇ ಇಲ್ಲ. "ನೋಡು ಎವೆಲಿಯೊ, ಬರೀ ಕೂತ್ರೆ ಸಾಲ್ದು. ಅವ್ರು ಗೆಲ್ಲಲಿ ಅಂತ ನೀನು ಮನಸಾರೆ ಬಯಸ್ಬೇಕು. ನಾವೆಲ್ಲ ಕೂತು ಯೋಚ್ನೆ ಮಾಡಿದೀವಿ. ನಿನ್ ಕಾಲ್ಗುಣ ತಗಲೋದು ನೀನು ಇಷ್ಟಪಟ್ಟವ್ರಿಗೆ. ನೀನು ಯಾರೋ ದಾರಿಹೋಕ ಆಗಿದ್ರೆ ನಮಗೇನೂ ಆಗ್ತಿರ್ಲಿಲ್ಲ. ನಿಂಗೆ ನಮ್ಮ ತಂಡದ ಮೇಲೆ ಪ್ರೀತಿ ಜಾಸ್ತಿ. ಅದೇ ನಮಗೆ ತೊಂದ್ರೆ ಆಗಿರೋದು."

"ಮನಸ್ಸು ನಾನು ಹೇಳ್ದಂಗೆ ಕೇಳುತ್ತಾ?" ಅಂದ ಎವೆಲಿಯೊ.

"ಪ್ರಯತ್ನ ಪಡು. ಊರಿಗೋಸ್ಕರ."

ಎವೆಲಿಯೊ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ಸಿಟ್ಟಾಗಲಿ, ಇಂಥ ಮಾತಾಡಲು ನಾಚಿಕೆಯಾಗಲ್ವಾ ಅಂತ ಕೇಳಲಿ ಅಂತ ನಾನು ಕಾದೆ. "ಒಂದು ಗಂಟೆಗೆ ಅಂದ್ಯಲ್ಲ, ಸ್ವಲ್ಪ ಮುಂಚೆನೇ ಬಂದಿರ್ಲಾ?" ಅಂತ ಕೇಳಿದ. ಅಷ್ಟು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಳಗೆ ಅನ್ನುವ ಒಂದೇ ಪದ. ಎದ್ದು ಹೋಗಿ ಪ್ಲಾಸಿದೊಗೂ ಕಾಫಿ ಸುರಿದೆ.

ಶನಿವಾರ ಪೂರ್ತಿ ಪ್ರಶ್ನೆಗಳು. ಸ್ಕೋರ್ ಬೋರ್ಡಿಗೆ ಹೊಸ ಬಣ್ಣ ಹೊಡೆದಿದ್ದಾರೆ ಅಂದೆಯಲ್ಲ, ಯಾವ ಬಣ್ಣ? ಎದುರುಗಡೆ ಬೆಂಚಿಗೆ ಸೂರು ಇದೆಯಾ? ಕನ್ನಡಿ ಮುಂದೆ ನಿಂತು ಟೋಪಿ ಹಾಕಿಕೊಂಡ.

"ಹಸಿರು ನಂಗೆ ಒಪ್ಪುತ್ತಾ?"

"ಒಪ್ಪಲ್ಲ."

"ದೂರದಿಂದ ನೋಡಿದ್ರೆ?"

"ದೂರದಿಂದ ನೋಡಿದ್ರೆ ಕೋಸುಗಡ್ಡೆ ತರ ಕಾಣ್ತೀಯ."

ಅವನು ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಂಡ. ಮದುವೆಯ ದಿನವೂ ಅಷ್ಟು ನೀಟಾಗಿ ಮಾಡಿಕೊಂಡಿರಲಿಲ್ಲ.

ಭಾನುವಾರ ನಾನು ನಮ್ಮ ಗ್ಯಾಲರಿಯಲ್ಲಿ ಪ್ಲಾಸಿದೊನ ಪಕ್ಕ ಕೂತೆ. ಎದುರುಗಡೆ ಬಿಸಿಲಿನ ಬೆಂಚುಗಳ ತುಂಬ ಹಸಿರು ಟೋಪಿ. ಅಷ್ಟರಲ್ಲೂ ನನಗೆ ಗಂಡನನ್ನು ಹುಡುಕಬೇಕಾಗಲಿಲ್ಲ. ಎಲ್ಲರೂ ಮೈದಾನ ನೋಡುತ್ತಿದ್ದರೆ ಇವನೊಬ್ಬ ಚರ್ಚಿಗೆ ಬಂದವನ ಹಾಗೆ ತಲೆಯೆತ್ತಿ ಸುತ್ತಲೂ ನೋಡುತ್ತಿದ್ದ. ಅವನ ಪಕ್ಕದಲ್ಲಿ ದೊಡ್ಡ ಮೈಯ ಒಬ್ಬ ಮುದುಕಿ, ತಲೆಯ ಮೇಲೆ ಕೊಡೆ, ಮಡಿಲಲ್ಲಿ ಫ್ಲಾಸ್ಕು. ಎರಡನೇ ಇನ್ನಿಂಗ್ಸಿಗೆ ಆ ಕೊಡೆ ಅವನ ತಲೆಯ ಮೇಲೂ ಬಂತು. ಮೂರನೆಯದಕ್ಕೆ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿಯುತ್ತಿದ್ದ.

"ನೋಡು, ಎಷ್ಟು ಚೆನ್ನಾಗಿ ಬೆರೆತುಹೋಗಿದಾನೆ" ಅಂದ ಪ್ಲಾಸಿದೊ.

"ನೋಡ್ತಿದೀನಿ. ಕಾಣ್ತಿದೆ ನಂಗೆ" ಅಂದೆ.

ಮೊದಲು ಪಾಲ್ಮರೀತೊದವರೇ ಎರಡು ರನ್ ಹೊಡೆದರು. ಐದನೆಯದರಲ್ಲಿ ನಾವು ಒಂದು ಮಾಡಿದೆವು. ಏಳನೆಯದರಲ್ಲಿ ನಮ್ಮ ಹುಡುಗರು ಎರಡು ಬೇಸ್‌ಗಳ ಮೇಲೆ ನಿಂತಿದ್ದಾಗ ಚೆಂಡು ಅವರ ಆಟಗಾರನ ಕಾಲ ಸಂದಿಯಲ್ಲಿ ನುಸುಳಿ ಹೋಗಿ ಇಬ್ಬರೂ ಓಡಿ ಬಂದು ಎರಡು ರನ್ ಸೇರಿಸಿದರು. ನಾವೆಲ್ಲ ಹಾರಿ ಕುಣಿಯುವಾಗ ನಾನು ಎದುರಿಗೆ ನೋಡಿದೆ. ಎವೆಲಿಯೊ ಟೋಪಿಯನ್ನು ತೆಗೆದು ಎರಡೂ ಕೈಯಲ್ಲಿ ಬಾಯಿಗೆ ಒತ್ತಿಕೊಂಡಿದ್ದ. ಭುಜ ಕುಣಿಯುತ್ತಿತ್ತು. ದೂರದಿಂದ ನೋಡುವವರಿಗೆ ಅಳುತ್ತಿದ್ದಾನೆ ಅನ್ನಿಸಬೇಕು. ನನಗೆ ಗೊತ್ತಾಯಿತು, ಅವನು ನಗು ಕಚ್ಚಿ ಹಿಡಿದಿದ್ದಾನೆ. ಅವರು ಗೆಲ್ಲಲಿ ಅಂತ ಮನಸಾರೆ ಬಯಸುವುದಂತೆ! ಬಯಸಿದ ಮುಖವಾ ಅದು? ಪ್ಲಾಸಿದೊ ಪಾಪ, "ಪಾಪ ಎಷ್ಟು ಕಷ್ಟಪಡ್ತಿದಾನೆ" ಅಂದ.

ಒಂಬತ್ತನೆಯದು ಪಾಲ್ಮರೀತೊದವರ ಕೊನೆಯ ಸರದಿ. ಮೂರಕ್ಕೆ ಎರಡು, ನಾವು ಮುಂದೆ. ಇಬ್ಬರು ಔಟಾದರು, ಮೂರನೆಯವನೂ ಔಟಾದರೆ ನಾವು ಗೆದ್ದ ಹಾಗೆ. ಆದರೆ ಇನ್ನಿಬ್ಬರು ಬೇಸ್‌ಗಳ ಮೇಲೆ ನಿಂತಿದ್ದರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರೂ ಬಂದು ನಮ್ಮ ಕಥೆ ಮುಗಿಯುತ್ತಿತ್ತು. ಯಾಂದ್ರಿ ಅನ್ನುವ ಸಣಕಲು ದಾಂಡಿಗ ಬಂದು ನಿಂತ. ಎದುರುಗಡೆ ಕೊಡೆ ಕೆಳಗೆ ಬಿತ್ತು. ಆ ಮುದುಕಿ ಮೈದಾನಕ್ಕೆ ಬೆನ್ನು ಹಾಕಿ ತಿರುಗಿ ಕೂತಳು.

ಅಲ್ಲಿ ನಡೆದದ್ದನ್ನು ಎವೆಲಿಯೊ ಆಮೇಲೆ ನನಗೆ ಹೇಳಿದ. ಅವಳ ಹೆಸರು ಓರ್ತೆನ್ಸಿಯಾ. ಯಾಂದ್ರಿ ಅವಳ ಮೊಮ್ಮಗ. ತಾಯಿಯಿಲ್ಲದ ಅವನನ್ನು ಬೆಳೆಸಿದವಳು ಅವಳೇ. ಆ ವರ್ಷ ಪೂರ್ತಿ ಅವನ ದಾಂಡಿಗೆ ಚೆಂಡು ಸರಿಯಾಗಿ ಸಿಕ್ಕಿರಲಿಲ್ಲ. ಅವನ ಊರಿನವರೇ ಅವನನ್ನು ತಂಡದಿಂದ ತೆಗೆಯಿರಿ ಅಂತ ಅವಳ ಕಿವಿಗೆ ಬೀಳುವ ಹಾಗೆ ಮಾತಾಡುತ್ತಿದ್ದರು.

"ನಂಗೆ ನೋಡಕ್ಕಾಗಲ್ಲ ಕಣಪ್ಪ. ನೀನು ನೋಡಿ ಹೇಳ್ತಿರು" ಅಂದಳಂತೆ.

ಎವೆಲಿಯೊ ಹೇಳತೊಡಗಿದ. "ನಿಂತ್ಕೊಂಡ. ಕಾಲಲ್ಲಿ ಮಣ್ಣು ಸರಿ ಮಾಡ್ಕೊಂಡ." ಮೊದಲ ಎಸೆತಕ್ಕೆ ಯಾಂದ್ರಿ ಬೀಸಿ ತಪ್ಪಿದ. "ತಪ್ಪಿತು. ಪರ್ವಾಗಿಲ್ಲ, ಇನ್ನೂ ಇದೆ." ಎರಡನೆಯದಕ್ಕೂ ತಪ್ಪಿದ, ಇನ್ನೊಂದು ತಪ್ಪಿದರೆ ಔಟು. ಹಿಂದಿನ ಬೆಂಚಿನಿಂದ ಯಾರೋ, "ಈ ಕೈಲಾಗದವನನ್ನ ಯಾರು ಕಳಿಸಿದ್ದು?" ಅಂದ. ಓರ್ತೆನ್ಸಿಯಾ ಎವೆಲಿಯೊನ ಮೊಣಕೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಅವನಿಗೆ ಸಾನ್ ಗಿಲ್ ಮರೆತುಹೋಯಿತು.

ಮೂರನೆಯ ಎಸೆತವನ್ನು ಯಾಂದ್ರಿ ಹೊಡೆದ. ಎಂಥ ಹೊಡೆತ ಅದು! ಟಣ್ ಅಂತ ಸದ್ದಾದ ಕೂಡಲೇ ನಮ್ಮ ಗ್ಯಾಲರಿಯ ಉಸಿರು ನಿಂತಿತು. ಚೆಂಡು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಎಡಗಡೆ ಗೋಡೆಯ ಕಡೆ ಸಾಗಿತು. ನಮ್ಮವನು ಹಿಂದೆ ಹಿಂದೆ ಓಡಿ ಬೆನ್ನು ಗೋಡೆಗೆ ತಾಗುವಾಗ ಕೈ ಚಾಚಿ ಜಿಗಿದ. ಇಳಿದಾಗ ಚೆಂಡು ಕೈಯಲ್ಲಿತ್ತು. ಇನ್ನೊಂದು ಗೇಣು ಮೇಲಿದ್ದರೆ ನಾವಿವತ್ತು ಈ ಮಾತು ಆಡುತ್ತಿರಲಿಲ್ಲ.

ನಾನು ಯಾರ ಯಾರ ಕತ್ತು ತಬ್ಬಿಕೊಂಡೆನೋ ಗೊತ್ತಿಲ್ಲ. ಪ್ಲಾಸಿದೊ ಅಳುತ್ತಿದ್ದ, ಮೂಗಿನಲ್ಲಿ ಸುರಿಯುತ್ತಿತ್ತು, ಅವನ ಕೆನ್ನೆಗೂ ಒಂದು ಮುತ್ತು ಕೊಟ್ಟೆ. ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಿತ್ತು. ಆಮೇಲೆ ಎದುರಿಗೆ ನೋಡಿದೆ. ಹಸಿರು ಟೋಪಿಗಳೆಲ್ಲ ಇಳಿದು ಹೋಗುತ್ತಿದ್ದವು. ಎವೆಲಿಯೊ ಮಾತ್ರ ಬರಿದಲೆಯಲ್ಲಿ ಕೂತಿದ್ದ. ಆ ಮುದುಕಿಯ ತಲೆ ಅವನ ಭುಜದ ಮೇಲಿತ್ತು. ಅವನು ಏನೋ ಹೇಳುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು.

ಬಾಗಿಲ ಹತ್ತಿರ ಅವನನ್ನು ಹಿಡಿದೆ. "ಏನ್ ಹೇಳ್ತಿದ್ದೆ ಅವ್ಳಿಗೆ ಅಷ್ಟೊತ್ತು?"

"ಚೆಂಡು ಎಷ್ಟು ದೂರ ಹೋಯ್ತು ಅಂತ. ಅವ್ಳು ನೋಡ್ಲಿಲ್ವಲ್ಲ."

ಚೌಕದ ಕಡೆ ನಡೆಯುವಾಗ ನನ್ನ ತಲೆ ಗಾಡಿ ಚಕ್ರದ ಹಾಗೆ ತಿರುಗುತ್ತಿತ್ತು. ಚೌಕದಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ. ಪ್ಲಾಸಿದೊ ಅವನನ್ನು ಕೇಳೇ ಕೇಳುತ್ತಾನೆ. ನಾನು ಗಂಡನ ತೋಳು ಹಿಡಿದು ನಿಲ್ಲಿಸಿದೆ.

"ಸರಿಯಾಗಿ ಕೇಳಿಸ್ಕೊ. ಮನಸಾರೆ ಬಯಸಿದ್ಯಾ ಅಂತ ಕೇಳ್ತಾರೆ. ಇಲ್ಲ ಅನ್ನು. ಮೊದ್ಲಿಂದ ಕೊನೇ ತನಕ ಸಾನ್ ಗಿಲ್ಲೇ ಗೆಲ್ಲಲಿ ಅಂತ ಬಯಸಿದೆ ಅನ್ನು."

"ಯಾಕೆ?"

"ಯಾಕೇ ಅಂತ ಕೇಳ್ತೀಯಲ್ಲ! ನೀನು ಒಳಗಿದ್ದೆ, ನಾವೇ ಗೆಲ್ಲಲಿ ಅಂತ ಬಯಸಿದೆ, ಆದ್ರೂ ನಾವು ಗೆದ್ವಿ. ಅಂದ್ಮೇಲೆ ಕಾಲ್ಗುಣ ಗೀಲ್ಗುಣ ಎಲ್ಲ ಸುಳ್ಳು ಅಂತಾಯ್ತಲ್ಲ. ಮುಂದಿನ ಸಲದಿಂದ ನನ್ನ ಪಕ್ಕ ಕೂತು ನೋಡ್ಬೋದು. ನಾನು ಏಳನೇ ಇನ್ನಿಂಗ್ಸಲ್ಲಿ ನಿನ್ನ ನೋಡಿದೀನಿ. ನಿಜಾನೇ ತಾನೆ?"

"ಏಳನೇದ್ರಲ್ಲಿ ನಿಜ" ಅಂದ. ಒಂಬತ್ತನೆಯದರಲ್ಲಿ ಏನಾಯಿತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಚೌಕದಲ್ಲಿ ಬೆಂಚುಗಳ ಸುತ್ತ ಇಡೀ ಊರು ನೆರೆದಿತ್ತು. ರಮ್ಮಿನ ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವನ ಜೊತೆ ಮಾತಾಡಲು ಹೆದರಿದ್ದವರೆಲ್ಲ ಬಂದು ಎವೆಲಿಯೊನ ಬೆನ್ನು ತಟ್ಟಿದರು. ಪ್ಲಾಸಿದೊ ಅವನನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದ.

"ಈಗ ಹೇಳಪ್ಪ. ಎಲ್ರ ಮುಂದೆ ಹೇಳು. ಅವ್ರು ಗೆಲ್ಲಲಿ ಅಂತ ಮನಸಾರೆ ಬಯಸಿದ್ಯಾ?"

ಎವೆಲಿಯೊ ನನ್ನ ಕಡೆ ನೋಡಿದ. ಇಲ್ಲ ಅನ್ನು ಅಂತ ನಾನು ಕಣ್ಣಲ್ಲೇ ಹೇಳಿದೆ. ಎರಡೇ ಎರಡು ಅಕ್ಷರದ ಮಾತು ಅದು. ಅದನ್ನು ಹೇಳಿ ಕೆಳಗೆ ಇಳಿದರೆ ಆಗಿತ್ತು.

"ಮೊದ್ಲು ಬಯಸ್ಲಿಲ್ಲ" ಅಂದ. "ಎಷ್ಟು ಪ್ರಯತ್ನಪಟ್ರೂ ಆಗ್ಲಿಲ್ಲ. ನಮ್ಮವ್ರೇ ಹೊಡೀಲಿ ಅನ್ನಿಸ್ತಿತ್ತು. ಏಳನೇದ್ರಲ್ಲಿ ಖುಷಿಗೆ ಟೋಪಿ ಕಚ್ಚಿಬಿಟ್ಟೆ, ಹಲ್ಲಿನ ಗುರುತಿದೆ ನೋಡಿ."

ಜನ ಗುಸುಗುಸು ಅಂದರು. ಪ್ಲಾಸಿದೊನ ಮುಖ ಸಪ್ಪಗಾಯಿತು. ಸಾಕು, ಇಳಿ, ಇಳಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಕೊನೇ ದಾಂಡಿಗ ಬಂದಾಗ ಮಾತ್ರ ಬಯಸಿದೆ" ಅಂದ ನನ್ನ ಗಂಡ. "ಆ ಯಾಂದ್ರಿ ಒಂದು ಹೊಡೀಲಪ್ಪ ಅನ್ನಿಸ್ತು. ಅವನ ಅಜ್ಜಿ ನನ್ನ ಕೈ ಹಿಡ್ಕೊಂಡಿದ್ಲು. ಆಗ ನಾನು ನಿಮ್ಮ ಕಡೆ ಇರ್ಲಿಲ್ಲ. ಕ್ಷಮ್ಸಿ."

ಪ್ಲಾಸಿದೊ ತಲೆ ತಗ್ಗಿಸಿ ಯೋಚಿಸಿದ. ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು. "ನೀವೇ ನೋಡ್ರಪ್ಪ. ಇವನು ನಮ್ಮ ಗೆಲುವು ಬಯಸ್ತಾ ಇರೋ ತನಕ ನಾವು ಒದ್ದಾಡಿದ್ವಿ. ಕೊನೇಲಿ ಇಬ್ಬರು ಬೇಸ್ ಮೇಲೆ ಬಂದು ನಿಂತೇಬಿಟ್ರು. ಇವನು ಅವ್ರ ಗೆಲುವು ಬಯಸಿದ ತಕ್ಷಣ ಚೆಂಡು ನಮ್ಮವನ ಕೈಗೆ ಬಿತ್ತು. ಇನ್ನೇನು ಬೇಕು ನಿಮಗೆ? ಮೊದ್ಲಿಂದ ಬಯಸಿದ್ರೆ ಹತ್ತು ರನ್ನಿಂದ ಗೆಲ್ತಿದ್ವಿ."

ಚೌಕವೆಲ್ಲ ಹೋ ಅಂದಿತು. ಅಲ್ಲಿಯೇ ತೀರ್ಮಾನವಾಯಿತು. ಎವೆಲಿಯೊ ಇನ್ನು ಗೋಡೆಯಾಚೆ ಕೂರಬೇಕಿಲ್ಲ. ಪ್ರತಿ ಪಂದ್ಯಕ್ಕೂ ಒಳಗೆ ಬರಬಹುದು, ಎದುರು ಊರಿನವರ ಬೆಂಚಿನಲ್ಲಿ ಅವನಿಗೊಂದು ಜಾಗ ಯಾವತ್ತಿಗೂ ಇರುತ್ತದೆ. ನಮ್ಮ ಗ್ಯಾಲರಿಗೆ ಮಾತ್ರ ಕಾಲಿಡಬಾರದು. ಎವೆಲಿಯೊ ರಮ್ಮು ಕುಡಿದು ಎಲ್ಲರಿಗೂ ಕೈ ಮುಗಿದ. ಅವನ ಸಂತೋಷ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಶುರು ಮಾಡಿದೆ. "ಒಂದು ಸುಳ್ಳು. ಇಷ್ಟು ವರ್ಷಕ್ಕೆ ಒಂದೇ ಒಂದು ಸುಳ್ಳು ಕೇಳಿದೆ ನಿನ್ನ ಹತ್ರ. ಅದನ್ನೂ ಹೇಳಕ್ಕಾಗ್ಲಿಲ್ವಾ? ನನ್ನ ಪಕ್ಕ ಕೂರ್ಬೇಕು ಅಂತ ನಿಂಗೆ ಒಂಚೂರೂ ಇಲ್ವಾ?"

ಅವನು ಶೂ ಬಿಚ್ಚುತ್ತಿದ್ದವನು ಅಲ್ಲಿಯೇ ನಿಲ್ಲಿಸಿದ. "ಇದೆ ಕಣೇ. ಇಲ್ದೆ ಏನು."

"ಮತ್ತೆ?"

"ಸುಳ್ಳು ಹೇಳಿ ಬಂದು ಕೂತ್ರೆ ನಂಗೆ ಆಟದ ಮೇಲೆ ಗಮನ ಇರುತ್ತಾ? ನಾವು ಸೋತಾಗೆಲ್ಲ, ಓ ಇದು ನನ್ನಿಂದ್ಲೇ ಅಂತ ಒಳಗೊಳಗೇ ಕೊರೀತಿರುತ್ತೆ. ಅಲ್ಲಿ ಕೂತ್ರೆ ಅದಿಲ್ಲ. ಯಾರಿಗೂ ಭಾರ ಆಗ್ದೆ ಆರಾಮಾಗಿ ನೋಡ್ಬೋದು." ಇನ್ನೊಂದು ಶೂ ಬಿಚ್ಚುತ್ತಾ, "ಹುಲ್ಲು ಅಷ್ಟು ಹಸಿರಾಗಿರುತ್ತೆ ಅಂತ ನೀನು ಹೇಳೇ ಇರ್ಲಿಲ್ಲ" ಅಂದ.

ಬೈಯುವುದಕ್ಕೆ ಇಟ್ಟುಕೊಂಡಿದ್ದ ಮಾತೆಲ್ಲ ಖರ್ಚಾಗಿ ಹೋಯಿತು. ಬಾಳೆಕಾಯಿ ಹುರಿದು ಅವನ ಮುಂದಿಟ್ಟೆ. ಅವನು ತಿನ್ನುತ್ತಾ ಯಾಂದ್ರಿಯ ಹೊಡೆತವನ್ನು ಇನ್ನೊಂದು ಸಲ ವರ್ಣಿಸಿದ. ನಾನೂ ಅದನ್ನು ನೋಡಿದ್ದೆ ಅನ್ನುವುದು ಅವನಿಗೆ ನೆನಪಿರಲಿಲ್ಲ.

ಹೊಸ ಋತುವಿನ ಮೊದಲ ಪಂದ್ಯವೂ ನಮ್ಮೂರಲ್ಲೇ, ಪಾಲ್ಮರೀತೊದವರ ಮೇಲೆಯೇ ಬಂತು. ನಾನು ಎಂದಿನ ಹಾಗೆ ನಮ್ಮ ಗ್ಯಾಲರಿಗೆ ಹತ್ತಿ ನನ್ನ ಜಾಗದಲ್ಲಿ ಕೂತೆ. ಎದುರಿಗೆ ಜನ ಕಡಿಮೆ. ಸಣ್ಣ ಪಂದ್ಯಕ್ಕೆ ಬಿಸಿಲಿನಲ್ಲಿ ಲಾರಿ ಹತ್ತಿ ಯಾರು ಬರುತ್ತಾರೆ? ಓರ್ತೆನ್ಸಿಯಾ ಕೂಡ ಬಂದಿರಲಿಲ್ಲ, ಮಂಡಿ ನೋವು ಅಂತ ಆಮೇಲೆ ಗೊತ್ತಾಯಿತು. ಎವೆಲಿಯೊ ಬಿಸಿಲಿನಲ್ಲಿ ಒಂದು ಬೆಂಚಿನ ತುದಿಯಲ್ಲಿ ಒಬ್ಬನೇ ಕೂತಿದ್ದ. ಖುಷಿಯಾಗಿಯೇ ಇದ್ದ. ಎಸೆತಗಾರ ಕೈ ಸಡಿಲ ಮಾಡಿಕೊಳ್ಳುವುದನ್ನೂ ಬಿಡದೆ ನೋಡುತ್ತಿದ್ದ. ನಡುನಡುವೆ ಪಕ್ಕಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದು, ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮುಚ್ಚಿಕೊಳ್ಳುತ್ತಿದ್ದ.

ಅದನ್ನು ಮೂರನೇ ಸಲ ನೋಡಿದಾಗ ನಾನು ಎದ್ದೆ.

"ಎಲ್ಲಿಗೆ ನೆರೇಯ್ದಾ? ಆಟ ಶುರುವಾಗ್ತಿದೆ" ಅಂದ ಪ್ಲಾಸಿದೊ.

"ಆ ಕಡೆಗೆ."

"ಹುಚ್ಚಾ? ನೀನು ಹೋದ್ರೆ ಅಂಪೈರನ್ನ ಬೈಯೋರು ಯಾರು? ನಿನ್ ಕಾಲ್ಗುಣ ಒಳ್ಳೇದು, ನೀನು ಇಲ್ಲೇ ಇರ್ಬೇಕು."

"ನನ್ನ ಕಾಲು, ನನ್ನ ಗುಣ. ನಂಗೆ ಬೇಕಾದ ಕಡೆ ತಗೊಂಡ್ಹೋಗ್ತೀನಿ. ಬೈಗುಳ ಅಲ್ಲಿಂದಾನೂ ಕೇಳ್ಸುತ್ತೆ, ಚಿಂತೆ ಮಾಡ್ಬೇಡ."

ಮೆಟ್ಟಿಲಿಳಿದು ಬೇಲಿಯ ಪಕ್ಕದಲ್ಲಿ ಸುತ್ತು ಹಾಕಿ ನಡೆದೆ. ನೀಲಿ ರವಿಕೆ ತೊಟ್ಟುಕೊಂಡು ಹಸಿರು ಟೋಪಿಗಳ ಕಡೆ ಹೋಗುತ್ತಿದ್ದವಳನ್ನು ಎರಡೂ ಕಡೆಯವರು ನೋಡಿದರು. ನೋಡಲಿ. ಎವೆಲಿಯೊ ನನ್ನನ್ನು ಕಂಡು ಗಾಬರಿಯಿಂದ ಅರ್ಧ ಎದ್ದ.

"ಏನಾಯ್ತೇ?"

"ಏನೂ ಆಗಿಲ್ಲ. ಸರ್ಕೋ."

ಅವನು ಸರಿದ. ನಾನು ಕೂತೆ. ಬೆಂಚು ಕಾದು ಕೆಂಡವಾಗಿತ್ತು. ಅವನು ನಮ್ಮ ಗ್ಯಾಲರಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೈದಾನ ನೋಡಿದ.

"ನೀನು ಇಲ್ಲಿ ಕೂತು ಯಾರ ಗೆಲುವು ಬಯಸ್ತೀಯ?"

"ಸಾನ್ ಗಿಲ್‌ದು. ಇನ್ಯಾರದು?"

"ಹಂಗಾದ್ರೆ ನಾನು?"

"ನೀನು ಅವ್ರ ಗೆಲುವು ಬಯಸು. ಊರು ನಿಂಗೆ ಕೆಲ್ಸ ಕೊಟ್ಟಿದೆ, ಮಾಡು."

"ಜಗಳ ಆಗುತ್ತಲ್ಲೇ."

"ಮನೇಲಿ ಆಗಲ್ವಾ?"

ನಮ್ಮ ಸರದಿ ಬಂದ ಕೂಡಲೇ ನಮ್ಮವನೊಬ್ಬ ಮೊದಲ ಚೆಂಡಿಗೇ ಬಾರಿಸಿದ. ನಾನು ಎದ್ದು ನಿಂತು, ಹಸಿರು ಟೋಪಿಗಳ ಮಧ್ಯೆಯೇ, ಹೊಟ್ಟೆಯಾಳದಿಂದ ಕೂಗಿದೆ. ಸುತ್ತಲಿನವರು ಕಣ್ಣು ಕೆಂಪಗೆ ಮಾಡಿಕೊಂಡು ತಿರುಗಿದರು. ಎವೆಲಿಯೊ ನನ್ನ ಲಂಗ ಹಿಡಿದು ಎಳೆದು, "ಕೂತ್ಕೊಳ್ಳೇ, ಹೊಡೀತಾರೆ" ಅಂದ. ಅನ್ನುತ್ತಾ ಅನ್ನುತ್ತಾ ಅವನಿಗೆ ನಗು ತಡೆಯಲಾಗಲಿಲ್ಲ. ಟೋಪಿ ಕಚ್ಚುವುದನ್ನೂ ಮರೆತು ಜೋರಾಗಿ ನಕ್ಕ.

ಅವತ್ತು ನಾವು ಸೋತೆವು. ನಾನು ಜಾಗ ಬಿಟ್ಟು ಹೋದದ್ದರಿಂದಲೇ ಅಂತ ಪ್ಲಾಸಿದೊ ಇನ್ನೂ ಬೈಯುತ್ತಾನೆ. ಬೈದುಕೊಳ್ಳಲಿ. ನಾನೂ ನನ್ನ ಗಂಡನೂ ಅಕ್ಕಪಕ್ಕ ಕೂತು ನೋಡಿದ ಮೊದಲ ಪಂದ್ಯ ಅದು.